ಬಾಳೆನಾರಿನ ಗುರುತು

ಮಗಳಿಗೆ ಏಳು ವರ್ಷವಿದ್ದಾಗ ಅವಳ ಎಡಗೈಯ ಉಂಗುರಬೆರಳಿನ ಬುಡದಲ್ಲಿ, ಅಂಗೈ ಕಡೆಗೆ, ಕಡಲೆಕಾಳಿನಷ್ಟು ಗಂಟೊಂದು ಎದ್ದಿತು. ಅದು ಮೊದಲು ಗೊತ್ತಾದದ್ದು ನನ್ನ ಕಿರುಬೆರಳಿಗೆ. ಠಾಣೆ ರೈಲ್ವೆ ಸ್ಟೇಷನ್ನಿನ ಸೇತುವೆ ಹತ್ತುವಾಗ ಅವಳು ನನ್ನ ಕಿರುಬೆರಳನ್ನು ಎಡಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಜನ ನುಗ್ಗಿದಷ್ಟೂ ಹಿಡಿತ ಗಟ್ಟಿ. ಒಂದು ದಿನ ಆ ಮುಷ್ಟಿಯೊಳಗೆ ಏನೋ ಒತ್ತಿದಂತಾಯಿತು.

ಆಗ ನಾವು ಘಣಸೋಲಿಯಲ್ಲಿ, ನಮ್ಮ ಸಣ್ಣ ಹೋಟೆಲಿನ ಹಿಂದಿನ ಎರಡು ಕೋಣೆಗಳಲ್ಲಿದ್ದೆವು. ಉಡುಪಿ ಕಡೆಯ ನಮ್ಮ ಮನೆಯಲ್ಲಿ ಮಣಿಕಟ್ಟಿನ ಮೇಲೆ ಗಂಟೆದ್ದರೆ ದೇವರ ಪೆಟ್ಟಿಗೆಯ ಹಳೇ ತಾಮ್ರದ ಕಾಸನ್ನು ಅದರ ಮೇಲಿಟ್ಟು ಕಟ್ಟುವ ರೂಢಿ. ನಮ್ಮ ಜೊತೆಗಿದ್ದ ಅತ್ತೆಯ ಗಂಟು ಹಾಗೆಯೇ ಇಳಿದಿತ್ತಂತೆ.

“ಡಾಕ್ಟ್ರಿಗೆ ತೋರಿಸುವ ಅತ್ತೆ,” ಎಂದೆ.

“ತೋರಿಸಿದ್ರೆ ಕೊಯ್ತಾರೆ ಮಾರಾಯ್ತಿ. ಹೆಣ್ಣುಮಗುವಿನ ಕೈ. ನೀನು ಬೀಎಸ್ಸಿಯಲ್ಲಿ ಕಪ್ಪೆ ಕೊಯ್ದ ಹಾಗಾ ಇದು?”

ನಾನು ನಕ್ಕುಬಿಟ್ಟೆ. ನಕ್ಕು, ಮಗಳ ಮುಂಗೈ ಅಲುಗದಂತೆ ಹಿಡಿದು ಕೂತೆ. ಹೂ ಕಟ್ಟಲು ನೆನೆಸಿಟ್ಟಿದ್ದ ಬಾಳೆನಾರಿನಿಂದ ಅತ್ತೆ ಕಾಸನ್ನು ಬೆರಳಿನ ಬುಡಕ್ಕೆ ಸುತ್ತಿ ಸುತ್ತಿ ಕಟ್ಟಿದರು. ಮಣಿಕಟ್ಟಿಗೆ ಕಟ್ಟುವುದೇ ಬೇರೆ, ಬೆರಳಿಗೆ ಕಟ್ಟುವುದೇ ಬೇರೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಒದ್ದೆ ನಾರು ಒಣಗುತ್ತ ಬಿಗಿಯುತ್ತದೆ ಎಂಬುದಂತೂ ದಿನಾ ಹೂ ಕಟ್ಟುವ ನನಗೆ ಗೊತ್ತಿದ್ದದ್ದೇ.

ಊಟದ ಹೊತ್ತು, ಹೋಟೆಲು ತುಂಬಿತ್ತು. ನಾನು ಕೌಂಟರಿಗೆ ಹೋದೆ. ಮಗಳು ಎರಡು ಸಲ ಬಾಗಿಲಿಗೆ ಬಂದು, “ಅಮ್ಮಾ, ದುಖ್ತಂಯ್,” ಎಂದಳು. ನಮ್ಮ ಕನ್ನಡಕ್ಕೆ ಅವಳ ಉತ್ತರ ಯಾವಾಗಲೂ ಮರಾಠಿಯಲ್ಲೇ.

“ನೋಯ್ತದೆ ಅಂದ್ರೆ ಇಳೀತಾ ಉಂಟು ಅಂತ. ಹೋಗಿ ಕೂತ್ಕೋ,” ಎಂದೆ.

ಮೂರನೇ ಸಲ ಅವಳು ಬರಲಿಲ್ಲ. ಗಿರಾಕಿಗಳು ಕರಗಿದ ಮೇಲೆ ಒಳಗೆ ಹೋದರೆ ಅವಳು ಅಳದೆ ಕೂತಿದ್ದಳು. ಬೆರಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

“ಆತಾ ಝೋಪ್ಲಂಯ್,” ಎಂದಳು. ಈಗ ಅದು ಮಲಗಿದೆ ಎಂದು.

ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿ ತಂದೆ. ನಾರಿನಡಿಗೆ ತೂರಿಸಲು ಸಂದೇ ಇಲ್ಲ. ಕಾಸಿನ ಅಂಚಿನಲ್ಲಿ ಹೇಗೋ ತುದಿ ಹೊಕ್ಕಿತು; ನಾರು ತುಂಡಾಯಿತು. ಬೆರಳು ತುಂಬ ಹೊತ್ತು ಹಾಗೆಯೇ ಇತ್ತು. ಆಮೇಲೆ ನಿಧಾನವಾಗಿ ಕೆಂಪೇರಿತು, ಅವಳು ಕಿರುಚತೊಡಗಿದಳು. ಅತ್ತೆ ಕಾಸನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು ಗೋಡೆಗೆ ಒರಗಿದ್ದರು.

ಮರುದಿನ ಠಾಣೆಯಲ್ಲಿ ಕೈ ಆಪರೇಷನ್ ಮಾಡುವ ಡಾಕ್ಟರರಲ್ಲಿಗೆ ಹೋದೆವು. ಅವರು ಬೆರಳನ್ನು ಮಡಚಿ ಬಿಡಿಸಿದರು, ಉಗುರೊತ್ತಿ ಬಣ್ಣ ಮರಳುವುದನ್ನು ನೋಡಿದರು, ಸಣ್ಣ ಟಾರ್ಚನ್ನು ಗಂಟಿಗೆ ಹಿಡಿದರು. ಬೆಳಕು ದಾಟಲಿಲ್ಲ, ನೀರು ತುಂಬಿದ ಗಂಟಾಗಿದ್ದರೆ ದಾಟುತ್ತಿತ್ತಂತೆ. ಆಮೇಲೆ ಬುಡದ ಸುತ್ತಲಿನ ಗೀರನ್ನು ತೋರಿಸಿ, “ಯೇ ನಿಶಾನ್ ಕೈಸಾ?” ಎಂದರು.

“ಆಟ ಆಡ್ತಾ ರಬ್ಬರ್ ಬ್ಯಾಂಡ್ ಹಾಕ್ಕೊಂಡಿದ್ದಳು,” ಎಂದು ಹಿಂದಿಯಲ್ಲಿ ಹೇಳಿದೆ.

ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ನಂತರ ಡಾಕ್ಟರರ ಕಡೆ ತಿರುಗಿ, ಶಾಲೆಯಲ್ಲಿ ಉತ್ತರ ಒಪ್ಪಿಸುವವಳಂತೆ ಮರಾಠಿಯಲ್ಲಿ ಹೇಳಿದಳು: ರಬ್ಬರ್ ಬ್ಯಾಂಡ್ ಅಲ್ಲ, ನಾರು. ಅಜ್ಜಿ ಕಟ್ಟಿದ್ದು. ಅಮ್ಮ ಕೈ ಹಿಡಿದುಕೊಂಡಿದ್ದಳು.

ಡಾಕ್ಟರು ಬೈಯಲಿಲ್ಲ. ಎಷ್ಟು ಹೊತ್ತು ಕಟ್ಟಿತ್ತು ಎಂದಷ್ಟೇ ಕೇಳಿ ಬರೆದುಕೊಂಡರು. ಸ್ಕ್ಯಾನ್ ನೋಡಿ, ಕ್ಯಾನ್ಸರಿನಂತೆ ಕಾಣುವುದಿಲ್ಲ, ಬೆರಳು ಮಡಚುವ ಸ್ನಾಯುರಜ್ಜುವಿನ ಹೊದಿಕೆಯ ಗಡ್ಡೆ, ಆದರೆ ನರಕ್ಕೆ ತಾಗಿಕೊಂಡಿದೆ, ಗೀರು ಮಾಸಿದ ಮೇಲೆ ತೆಗೆಯೋಣ ಎಂದರು. “ಆಪರೇಷನ್ನಿನಲ್ಲಿ ನಾವೂ ತೋಳಿಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸುತ್ತೇವೆ. ಆದರೆ ಒಬ್ಬರು ಗಡಿಯಾರ ನೋಡುತ್ತಲೇ ಇರುತ್ತಾರೆ.”

ಆಪರೇಷನ್ನಿನ ದಿನ ಹೊರಗಿನ ಬೆಂಚಿನಲ್ಲಿ ಕೂತು ನಾನೂ ಗಡಿಯಾರ ನೋಡಿದೆ. ಹಳದಿಗಂದು ಬಣ್ಣದ ಸಣ್ಣ ಗಡ್ಡೆಯನ್ನು ಬಾಟಲಿಯಲ್ಲಿ ತೋರಿಸಿದರು. ರಿಪೋರ್ಟು ಒಳ್ಳೆಯದೇ ಬಂತು. ಬೆರಳು ಪೂರ್ತಿ ಮಡಚುತ್ತದೆ.

ಆದರೆ ನನ್ನ ಕಿರುಬೆರಳನ್ನು ಅವಳು ಮತ್ತೆ ಹಿಡಿಯಲಿಲ್ಲ. ಸೇತುವೆಯ ಮೇಲೆ ನನ್ನ ಬ್ಯಾಗಿನ ಪಟ್ಟಿ ಹಿಡಿದು ನಡೆದಳು. ದೊಡ್ಡವಳಾಗುತ್ತಿದ್ದಾಳೆ ಎಂದರು ಅತ್ತೆ. ಇರಬಹುದು.

ಈಗ ಅವಳು ಖಾರಘರದ ಕಾಲೇಜಿನಲ್ಲಿ ಓದುತ್ತಾಳೆ. ಮೊನ್ನೆ ಠಾಣೆಯಲ್ಲಿ ಇಬ್ಬರೂ ಟ್ರೇನಿನಿಂದ ಇಳಿದೆವು. ಜನ ನುಗ್ಗಿದಾಗ ನನ್ನ ಕೈ ತಾನಾಗಿ ಹಿಂದಕ್ಕೆ ಚಾಚಿತು, ಕಿರುಬೆರಳು ಬಿಡಿಸಿಕೊಂಡು. ಅವಳು ನೋಡಿದಳು.

“ಅರೇ, ಅಮ್ಮಾ, ಜಡ್ ಆಹೇ, ತುಝ್ಯಾನೇ ನಾಹೀ ಹೋಣಾರ್,” ಎಂದು ನಕ್ಕಳು, ಭಾರ ಇದೆ, ನಿನ್ನಿಂದಾಗದು ಎಂದು. ಚೀಲಕ್ಕೇ ಕೈ ಚಾಚಿದ್ದು ಎಂದುಕೊಂಡಳೇನೋ, ಹಾಗೆಂದವಳೇ ತನ್ನ ಪುಸ್ತಕದ ಚೀಲವನ್ನು ಆ ಬೆರಳಿಗೆ ತೂಗುಹಾಕಿ ಮುಂದೆ ನಡೆದಳು. ಚೀಲ ನಿಜಕ್ಕೂ ಭಾರವಿತ್ತು. ಸೇತುವೆ ಮುಗಿಯುವವರೆಗೂ ನಾನು ಬೆರಳು ಬದಲಿಸಲಿಲ್ಲ.