ಡೈರೆಕ್ಟ್ ಕೊಡದ ಕೊಟ್ರೇಶಣ್ಣ

ಜಗಳೂರಿನಲ್ಲಿ ದಾವಣಗೆರೆ ರಸ್ತೆಗೆ ಮುಖ ಮಾಡಿದ್ದ ಕೊಟ್ರೇಶಣ್ಣನವರ ತಗಡಿನ ಅಂಗಡಿಗೆ ಹೆಸರಿನ ಬೋರ್ಡೇ ಇರಲಿಲ್ಲ. ಇದ್ದದ್ದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಅವರೇ ಬರೆದ ಒಂದು ಸಾಲು: ‘ಇಲ್ಲಿ ಫ್ಯಾನ್ ಡೈರೆಕ್ಟ್ ಮಾಡಿಕೊಡುವುದಿಲ್ಲ.’ ಕಾರಿನ ವೈರಿಂಗ್ ಮಾಡುವವರ ಅಂಗಡಿಯಲ್ಲಿ ಇಂಥ ಬರಹವೆಂದರೆ, ಹೋಟೆಲಿನವನು ‘ಚಹಾ ಸಿಗುವುದಿಲ್ಲ’ ಎಂದು ಬರೆದುಕೊಂಡ ಹಾಗೆ. ಹಳೆಯ ಕಾರಿನ ಫ್ಯಾನು ನಿಂತರೆ ನಮ್ಮ ಕಡೆ ಎಲ್ಲರೂ ಕೇಳುವುದು ಅದನ್ನೇ. ಇಂಜಿನ್ ಬಿಸಿಯಾದಾಗ ತಾನಾಗಿ ತಿರುಗಬೇಕಾದ ಫ್ಯಾನಿಗೆ ಬ್ಯಾಟರಿಯಿಂದ ನೇರ ಒಂದು ವೈರು ಎಳೆದು, ಸ್ಟೇರಿಂಗ್ ಕೆಳಗೆ ಒಂದು ಸ್ವಿಚ್ಚು ಕೂರಿಸಿಬಿಡುವುದು. ಅದೇ ಡೈರೆಕ್ಟ್. ಅರ್ಧ ಗಂಟೆಯ ಕೆಲಸ. ಕೊಟ್ರೇಶಣ್ಣ ಯಾಕೆ ಒಲ್ಲೆ ಎನ್ನುತ್ತಿದ್ದರು ಎಂಬುದು ಊರಿಗೆಲ್ಲ ಗೊತ್ತು. ಊರಿಗೆ ಗೊತ್ತಿರುವುದು ಸುಳ್ಳು, ಆ ಸುಳ್ಳು ನನ್ನದು. ಅವರು ತೀರಿಕೊಂಡು ಹದಿನೈದು ದಿನವಾಯಿತು. ಈಗಲೂ ಬಾಯಿ ಬಿಡದಿದ್ದರೆ ನಾನು ಮನುಷ್ಯನೇ ಅಲ್ಲ.

ಸಣಕಲು ಆಳು. ಹಣೆಗೆ ಮೂರು ಬೆರಳಿನ ವಿಭೂತಿ, ಕಿವಿಯ ಸಂದಿಯಲ್ಲಿ ಟೆಸ್ಟರು. ವೈರಿನ ಸಿಪ್ಪೆಯನ್ನು ಹಲ್ಲಿನಲ್ಲೇ ಸುಲಿದು ಸುಲಿದು ಮುಂದಿನ ಹಲ್ಲೊಂದರಲ್ಲಿ ಗುಳಿ ಬಿದ್ದಿತ್ತು. ಕಟರು ಮುಂದೆಯೇ ಬಿದ್ದಿದ್ದರೂ ಹಲ್ಲೇ ಬೇಕು. ಕೇಳಿದರೆ, “ಕಟ್ರು ತಾಮ್ರಾನೂ ಕಡೀತೈತ್ರಿ, ಹಲ್ಲಿಗೆ ಬುದ್ಧಿ ಐತೆ” ಎನ್ನುತ್ತಿದ್ದರು.

ಫ್ಯಾನು ತಿರುಗುತ್ತಿಲ್ಲವೆಂದು ಯಾರಾದರೂ ಬಂದರೆ ಫ್ಯಾನಿನ ಹತ್ತಿರ ಹೋಗುತ್ತಲೇ ಇರಲಿಲ್ಲ. ಮೊದಲು ಫ್ಯೂಸು. ಆಮೇಲೆ ಫ್ಯಾನಿಗೆ ಕರೆಂಟು ಬಿಡುವ ಪುಟ್ಟ ಡಬ್ಬಿ, ರಿಲೇ; ಅದರ ಮೇಲೆ ಬೆರಳಿಟ್ಟು, ಒಳಗೆ ‘ಟಿಕ್’ ಎನ್ನುತ್ತದೋ ಇಲ್ಲವೋ ಎಂದು ಕಣ್ಣು ಮುಚ್ಚಿ ಕಾಯುತ್ತಿದ್ದರು. ಆಮೇಲೆ ಫ್ಯಾನಿನ ಸಾಕೆಟ್ ಬಿಚ್ಚಿ ಬ್ಯಾಟರಿಯಿಂದ ಒಂದು ಕ್ಷಣ ಕರೆಂಟು ಮುಟ್ಟಿಸಿ ನೋಡುವುದು. ತಿರುಗಿತೋ, ಮೋಟರು ನಿರಪರಾಧಿ. “ಫ್ಯಾನ್ ತಿರುಗ್ಲಿಲ್ಲ ಅಂತ ಫ್ಯಾನ್‌ನ ಯಾಕೆ ಬೈತೀರಿ? ಅದಕ್ಕೆ ‘ತಿರುಗು’ ಅಂತ ಹೇಳೋರು ಹೇಳ್ಯಾರೋ ಇಲ್ಲೋ, ಅದನ್ನ ನೋಡ್ರಿ ಮೊದ್ಲು.”

ಹೊನ್ನಾಳಿಯಿಂದ ಒಬ್ಬರು ಎರಡು ಸಲ ಮೋಟರು ಬದಲಾಯಿಸಿ ಸಾಕಾಗಿ ಇವರ ಹೆಸರು ಕೇಳಿಕೊಂಡು ಬಂದಿದ್ದರು. ಕೊಟ್ರೇಶಣ್ಣ ಅರ್ತಿಂಗ್ ವೈರಿನ ನಟ್ಟೊಂದನ್ನು ಬಿಚ್ಚಿ, ಅಡಿಯ ತುಕ್ಕನ್ನು ಚಾಕುವಿನಲ್ಲಿ ಕೆರೆದು ಮತ್ತೆ ಬಿಗಿದರು. ಫ್ಯಾನು ತಿರುಗಿತು. ಬಂದವರು ಹಿಗ್ಗಿ ಕೈ ಮುಗಿದರೆ ಇವರಿಗೆ ಸಿಟ್ಟು. “ಎಲ್ಡು ಮೋಟ್ರು ಬದ್ಲಾಯಿಸಿದ್ರಿ, ಒಂದು ನಟ್ಟು ಬಿಚ್ಚಿ ನೋಡಾಕೆ ಆಗ್ಲಿಲ್ಲೇನ್ರಿ? ಗಂಡ ಹೆಂಡ್ತಿ ಜಗಳಕ್ಕೆ ಮನೀನೇ ಕೆಡವಿದಂಗಾತು!”

ಇಂಥ ಕಟ್ಟುನಿಟ್ಟಿನ ಮನುಷ್ಯನಿಂದ ಡೈರೆಕ್ಟ್ ಮಾಡಿಸಿಕೊಂಡ ಕೊನೆಯ ಗಿರಾಕಿ ನಾನು. ಆಗ ಜಗಳೂರಿನಲ್ಲೇ ಹೈಸ್ಕೂಲು ಮೇಷ್ಟ್ರಾಗಿದ್ದೆ. ನನ್ನ ಹಳೆಯ ಬಿಳಿ ಕಾರಿನ ಫ್ಯಾನು ನಿಂತಿತ್ತು. ಬಿಸಿ ನೋಡಿ ಫ್ಯಾನಿಗೆ ಸುದ್ದಿ ಮುಟ್ಟಿಸುವ ಸೆನ್ಸರು ಸತ್ತಿದೆ, ದಾವಣಗೆರೆಯಿಂದ ಬರಲು ಎರಡು ದಿನ ಬೇಕು ಎಂದರು. ನನಗೆ ಮರುದಿನವೇ ಚನ್ನಗಿರಿಯಲ್ಲಿ ನೆಂಟರ ಮದುವೆ. ಡೈರೆಕ್ಟ್ ಮಾಡಿಕೊಡಿ ಎಂದು ಗಂಟುಬಿದ್ದೆ.

“ಬ್ಯಾಡ್ರಿ ಮೇಷ್ಟ್ರೇ. ನೀವು ಕನ್ನಡಕ ತಲಿ ಮ್ಯಾಲಿಟ್ಕೊಂಡು ಊರೆಲ್ಲ ಹುಡುಕೋರು.”

ನಾನು ಬಿಡಲಿಲ್ಲ. ಕೊನೆಗೆ ಮಾಡಿಕೊಟ್ಟರು. ಮಾಡಿಕೊಟ್ಟು, ಹುಡುಗರಿಗೆ ಮಗ್ಗಿ ಹೇಳಿಸುವ ಹಾಗೆ ನನ್ನಿಂದ ಮೂರು ಸಲ ಹೇಳಿಸಿದರು: ಕೀ ತಿರುವಿದ ಕೂಡಲೇ ಸ್ವಿಚ್ಚು. “ಜೋರಾಗಿ ಓಡೋವಾಗ ಗಾಳಿ ತಾನೇ ಬರ್ತೈತೆ, ಮರ್ತಿದ್ದು ಗೊತ್ತೇ ಆಗಲ್ಲ. ನಿಧಾನ ಆದಾಗ್ಲೇ ಗೊತ್ತಾಗೋದು. ಅಷ್ಟೊತ್ತಿಗೆ ಕೆಲ್ಸ ಕೆಟ್ಟಿರ್ತೈತೆ.” ಎರಡೇ ದಿನಕ್ಕೆ ಸೆನ್ಸರು ಬಂತು. ಬಂದು ಹಾಕಿಸಿಕೊಳ್ಳಿ ಎಂದು ಅವರು ಫೋನು ಮಾಡಿದಾಗಲೆಲ್ಲ ನಾಳೆ ಎಂದೆ. ನಾಳೆ ನಾಳೆ ಎನ್ನುತ್ತ ನಾಲ್ಕು ತಿಂಗಳು ದೂಡಿದೆ.

ಆ ಬೇಸಿಗೆಯಲ್ಲಿ ನನ್ನ ಮಾವ, ಎಂದರೆ ಹೆಂಡತಿ ಪಾರ್ವತಿಯ ತಂದೆ, ನಮ್ಮ ಮನೆಗೆ ಬಂದಿದ್ದರು. ಒಂದು ಬೆಳಿಗ್ಗೆ ತಿಂಡಿಗೆ ಕೂತವರು ಎದೆ ಹಿಡಿದುಕೊಂಡರು. ಇಲ್ಲಿನ ಡಾಕ್ಟರು ಮಾತ್ರೆ ಕೊಟ್ಟು, ತಡಮಾಡದೆ ದಾವಣಗೆರೆಗೆ ಕರೆದೊಯ್ಯಿರಿ ಎಂದರು. ಹಿಂದಿನ ಸೀಟಿನಲ್ಲಿ ಪಾರ್ವತಿಯ ತೊಡೆಯ ಮೇಲೆ ಅವರ ತಲೆ. ನಾನು ಕಾರನ್ನು ಹಾರಿಸಿಕೊಂಡು ಹೋದೆ. ಬಿಳಿಚೋಡು ದಾಟಿದ ಮೇಲೆ ರಸ್ತೆ ಅಗೆದಿದ್ದರು. ಒಂದೇ ಪಕ್ಕದಲ್ಲಿ ದಾರಿ, ಅದರಲ್ಲೂ ಮುಂದೆ ಕುರಿಹಿಂಡು. ಫಸ್ಟ್ ಗೇರಿನಲ್ಲಿ ಕಾಲು ಗಂಟೆ ತೆವಳಿದೆವು. ಬಾನೆಟ್ಟಿನಿಂದ ಹಬೆ ಎದ್ದಿತು. ಇಂಜಿನ್ ನಿಂತಿತು.

ನನ್ನ ಕೈ ಸ್ಟೇರಿಂಗ್ ಕೆಳಗೆ ಹೋಯಿತು. ಸ್ವಿಚ್ಚು ಆಫ್ ಇತ್ತು.

“ಏನಾತ್ರೀ?” ಎಂದಳು ಪಾರ್ವತಿ.

“ಫ್ಯಾನು ಕೈಕೊಡ್ತು. ಆ ಕೊಟ್ರೇಶಣ್ಣ ಹಾಕಿದ ವೈರು...” ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ. ಆದರೆ ಆಮೇಲೆ ಯೋಚಿಸಿಯೂ ತಿದ್ದಲಿಲ್ಲ.

ಅರ್ಧ ಗಂಟೆ ಕಾದ ಮೇಲೆ ಒಂದು ಗೂಡ್ಸ್ ಗಾಡಿ ನಿಂತಿತು. ಮಾವನನ್ನು ಅದರಲ್ಲಿ ಮಲಗಿಸಿಕೊಂಡು ಹೋದೆವು. ದಾವಣಗೆರೆ ಕಾಣುವ ಮೊದಲೇ ಅವರ ಉಸಿರು ನಿಂತಿತ್ತು. ಸ್ವಲ್ಪ ಮುಂಚೆ ತಂದಿದ್ದರೆ ಎಂದು ಆಸ್ಪತ್ರೆಯಲ್ಲಿ ಯಾರೋ ಅಂದರು. ಆ ಮಾತನ್ನು ಪಾರ್ವತಿ ಇವತ್ತಿಗೂ ಮರೆತಿಲ್ಲ.

ದಾರಿಯಲ್ಲಿ ಬಿಟ್ಟುಬಂದ ಕಾರನ್ನು ಮರುದಿನ ಎಳೆಸಿಕೊಂಡು ಬಂದವರು ಕೊಟ್ರೇಶಣ್ಣನೇ. ನಾನು ವೈರಿನ ಮೇಲೆ ಹಾಕಿದ ಮಾತು ಅಷ್ಟರಲ್ಲಿ ಅವರ ಕಿವಿಗೂ ಬಿದ್ದಿತ್ತು. ಮೂರನೆಯ ದಿನ ಮನೆಗೆ ಬಂದು ಹೊಸ್ತಿಲಾಚೆಯೇ ನಿಂತರು. ಪಾರ್ವತಿಯ ಕಡೆ ಕೈ ಮುಗಿದು, “ನನ್ನ ವೈರು ಬಿಟ್ಟಿತ್ತು ತಾಯಿ. ನಂದೇ ತಪ್ಪು” ಎಂದರು.

“ನಮ್ಮಪ್ಪನ್ನ ತಿಂದ್ಕೊಂಡ್ರಲ್ರೀ!” ಎಂದು ಅವಳು ಕೂಗಿಕೊಂಡಳು. “ಇನ್ನೊಂದ್ಸಲ ಈ ಹೊಸ್ತಿಲು ತುಳೀಬ್ಯಾಡ್ರಿ!”

ನಾನು ಕುರ್ಚಿಯಲ್ಲಿ ಕೂತು ನೆಲ ನೋಡುತ್ತಿದ್ದೆ. ನಾಚಿಕೆಗೇಡು, ಆದರೂ ಹೇಳುತ್ತೇನೆ: ಆ ಹೊತ್ತಿನಲ್ಲಿ ನನಗೆ ಹಗುರವಾಯಿತು. ವೈರು ನಿಜವಾಗಿಯೂ ಬಿಟ್ಟಿತ್ತಂತೆ! ಹಾಗಾದರೆ ನಾನು ಸ್ವಿಚ್ಚು ಒತ್ತಿದ್ದರೂ ಫ್ಯಾನು ತಿರುಗುತ್ತಿರಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಅದನ್ನೇ ಹಿಡಿದುಕೊಂಡು ಎಂಟು ವರ್ಷ ಊಟ ಮಾಡಿದೆ, ನಿದ್ದೆ ಮಾಡಿದೆ, ಮಕ್ಕಳಿಗೆ ನೀತಿಪಾಠವನ್ನೂ ಹೇಳಿದೆ.

ಮಾತು ಊರಲ್ಲಿ ಹರಡಿತು. ಅವನ ಕೈ ಸರಿಯಿಲ್ಲ ಎಂದರು. ಗಿರಾಕಿ ಕಡಿಮೆಯಾದರು. ಗೋಡೆಯ ಮೇಲೆ ಕೆಂಪಕ್ಷರ ಬಂದದ್ದು ಆಗ. ಸೂರಗೊಂಡನಕೊಪ್ಪದ ಜಾತ್ರೆಗೆ ಹೊರಟಿದ್ದ ಕುಟುಂಬವೊಂದು ಕಾರು ಬಿಸಿಯಾಗಿ ಅಂಗಡಿ ಮುಂದೆ ನಿಂತಿತ್ತು. ಡೈರೆಕ್ಟ್ ಕೊಟ್ಟು ಕಳಿಸಿ ಎಂದು ಅಂಗಲಾಚಿದರೂ ಇವರು ಕೇಳಲಿಲ್ಲ. ಬೈಕಿನಲ್ಲಿ ದಾವಣಗೆರೆಗೆ ಹೋಗಿ ಸಾಮಾನು ತಂದು ಹಾಕುವಾಗ ಮಧ್ಯಾಹ್ನವಾಗಿತ್ತು. ಅವರು ಬೈದರು. “ಬೈರಿ. ತಡ ಆದ್ರೂ ಎಲ್ಲಾರೂ ಹೋಗಿ ಮುಟ್ರಿ” ಎಂದು ಕೈ ತೊಳೆದುಕೊಂಡರು. ನಾನು ಎದುರಿನ ಚಹಾದಂಗಡಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡೆ.

ಕಳೆದ ತಿಂಗಳು ಅವರ ಕಿಡ್ನಿ ಪೂರಾ ಸೋತಿದೆ, ಇನ್ನು ಬಹಳ ದಿನವಿಲ್ಲ ಎಂದು ಗೊತ್ತಾಗಿ ಮನೆಗೆ ಹೋದೆ. ಮಗಳು ಒಳಗೆ ಬಿಟ್ಟಳು. ಕೊಟ್ರೇಶಣ್ಣನವರ ಮುಖ ಊದಿತ್ತು, ಕೈಗಳು ಕಡ್ಡಿಯಾಗಿದ್ದವು. ಪಕ್ಕದಲ್ಲಿ ಕೂತು, “ಕೊಟ್ರೇಶಣ್ಣ, ಆವತ್ತು ನಾನು ಸ್ವಿಚ್ಚೇ ಹಾಕಿರ್ಲಿಲ್ಲ” ಎಂದೆ.

“ಗೊತ್ತೈತೆ ಬಿಡ್ರಿ” ಎಂದರು.

“ಗೊತ್ತೈತಾ?”

“ಕಾರು ತರಾಕೆ ಹೋದಾಗ ಮೊದ್ಲು ಕೈ ಹಾಕಿದ್ದೇ ಅಲ್ಲಿಗೆ. ಆಫಿತ್ತು. ಒತ್ತಿದೆ. ಫ್ಯಾನು ಗಿರ್ರಂತ ತಿರುಗ್ತು.”

ನನ್ನ ಹುಲ್ಲುಕಡ್ಡಿ ಹೋಯಿತು. ಸಿಟ್ಟು ಬಂತು, ಯಾರ ಮೇಲೆ ಎಂದು ಕೇಳಬೇಡಿ. “ಮತ್ಯಾಕೆ ಹಂಗಂದ್ರಿ? ನಿಮ್ಮ ಹೆಸ್ರು ಹಾಳಾತಲ್ರೀ!”

“ಆ ತಾಯಿ ಬಾಳೇವು ಮಾಡಬೇಕಾದ್ದು ನಿಮ್ಜೊತೆ ಮೇಷ್ಟ್ರೇ, ನನ್ಜೊತೆ ಅಲ್ಲ. ನನ್ನ ಮ್ಯಾಲೆ ಸಿಟ್ಟು ಇಟ್ಕೊಂಡು ಇರಾಕೆ ಆಗ್ತೈತೆ. ನಿಮ್ಮ ಮ್ಯಾಲೆ ಇಟ್ಕೊಂಡು ಹೆಂಗಿರ್ತಾರೆ?” ಉಸಿರು ಎಳೆದುಕೊಂಡು, “ನಂದೇನೂ ಇಲ್ಲ ಅಂತಲ್ಲ. ನೀವು ಮರಿಯೋರು ಅಂತ ಗೊತ್ತಿದ್ದೂ ಡೈರೆಕ್ಟ್ ಕೊಟ್ಟೆ” ಎಂದರು. ನಾನು ಅತ್ತೆ. ಅವರು ಮಗಳನ್ನು ಕರೆದು ನನಗೆ ನೀರು ಕೊಡಿಸಿದರು.

ಸತ್ತ ಸುದ್ದಿ ಹೇಳಿದಾಗ ಪಾರ್ವತಿ, “ಹೋದ್ನಾ? ಹೋಗ್ಲಿ ಬಿಡ್ರಿ” ಎಂದಳು. ದಾವಣಗೆರೆಯಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ಮಣ್ಣಿಗೆ ಹೋಗಿಬಂದೆ. ಅವರ ಬಗ್ಗೆ ಹೇಳಿದ ಕೊನೆಯ ಸುಳ್ಳು ಅದೇ ಆಗಲಿ ಎಂದು ಇದನ್ನು ಬರೆಯಲು ಕೂತೆ.

ನಾನು ಬರೆದದ್ದನ್ನು ಮೊದಲು ಓದುವವಳು ಪಾರ್ವತಿಯೇ. ತಪ್ಪು ತಿದ್ದುವವಳೂ ಅವಳೇ. ಯಾರ ಬಗ್ಗೆ ಎಂದು ಕೇಳಿದಳು. ಹೇಳಿದೆ. “ಅವನ ಬಗ್ಗೆ ಬರಿಯಾಕೆ ಏನೈತ್ರೀ?” ಎನ್ನುತ್ತಲೇ ಕೈ ಚಾಚಿದಳು. ಬರೆದಾದಷ್ಟು ಹಾಳೆಗಳನ್ನು ಕೊಟ್ಟು ಈ ಕೊನೆಯ ಹಾಳೆಗೆ ಕೂತಿದ್ದೇನೆ. ಸ್ವಿಚ್ಚು ಆಫ್ ಇದ್ದದ್ದನ್ನು ಬರೆದಿರುವುದು ನಾಲ್ಕನೆಯ ಹಾಳೆಯಲ್ಲಿ. ಒಳಗೆ ಹಾಳೆ ತಿರುವುವ ಸದ್ದು ಮೂರು ಸಲ ಕೇಳಿಸಿತು. ಆಮೇಲೆ ಕೇಳಿಸಿಲ್ಲ.