ಐವತ್ತೊಂದು ಚೌಕ, ಅರವತ್ತಮೂರು ಜನ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಚಿಕ್ಕಮ್ಮ ತನ್ನ ಸ್ಟುಡಿಯೋದಲ್ಲಿ ಸ್ಟೂಲಿನ ಮೇಲೆ ನಿಂತು, ಗೋಡೆಗೆ ಅಂಟಿಸಿದ್ದ ರಟ್ಟಿನ ಮೇಲೆ ಮಾಸಿಹೋಗಿದ್ದ ಗೆರೆಗಳನ್ನು ಪೆನ್ಸಿಲಿನಿಂದ ತಿದ್ದುತ್ತಿದ್ದಳು. ರಟ್ಟಿನ ಮೇಲೆ ಐವತ್ತೊಂದು ಪುಟ್ಟ ಚೌಕಗಳಿದ್ದವು. ಹದಿನೈದರಂತೆ ಮೂರು ಸಾಲು. ನಟ್ಟನಡುವೆ ಮೇಲೆ ಮೂರು, ಕೆಳಗೆ ಮೂರು. ಅವಳ ಡಿಜಿಟಲ್ ಕ್ಯಾಮೆರಾದೊಳಗೆ ಕಣ್ಣಿಟ್ಟು ನೋಡಿದರೆ ಫೋಕಸ್ ಪಾಯಿಂಟುಗಳು ಇದೇ ಜೋಡಣೆಯಲ್ಲಿ ಕಾಣುತ್ತವೆ. ಗುಂಪಿನ ಫೋಟೋಗೆ ಯಾರಾದರೂ ಕರೆದರೆ, ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಅವಳು ಮೊದಲು ಆ ರಟ್ಟಿನ ಮೇಲೆ ಗೊತ್ತುಮಾಡುತ್ತಿದ್ದಳು.

ಅವಳಿಗೆ ಆಗ ಐವತ್ತನಾಲ್ಕು ವರ್ಷ. ಮೇಲೆ ಅವಳ ಸ್ಟುಡಿಯೋ, ಕೆಳಗೆ ಚಿಕ್ಕಪ್ಪನ ಟೈಲರ್ ಅಂಗಡಿ. ನಡುವೆ ಹದಿನಾಲ್ಕು ಮೆಟ್ಟಿಲಿನ ಮರದ ಏಣಿ. ಗಂಡ ಹೆಂಡತಿ ದಿನವಿಡೀ ಆ ಏಣಿಯ ಸಂದಿನಿಂದಲೇ ಕೂಗಿ ಮಾತಾಡುತ್ತಿದ್ದರು. ಹತ್ತುವುದು ಇಳಿಯುವುದು ಊಟಕ್ಕೆ ಮಾತ್ರ. ಸುತ್ತಲಿನ ನಾಲ್ಕು ಬೀದಿಗಳಲ್ಲಿ ಚಿಕ್ಕಮ್ಮನಿಗೆ 'ಅಲ್ಲಾಡ್ಬೇಡಿ ಮೇಡಂ' ಎಂದೇ ಹೆಸರು. ಆ ಮಾತನ್ನು ಅವಳು ಕಲಿತದ್ದು ತನ್ನ ಅಪ್ಪನಿಂದ. ಅವರೂ ಫೋಟೋಗ್ರಾಫರೇ. ಅವಳು ಐದನೇ ತರಗತಿಯಲ್ಲಿದ್ದಾಗ ಅವಳ ಶಾಲೆಯ ಫೋಟೋವನ್ನು ಅವರೇ ತೆಗೆದಿದ್ದರು. ಅದರಲ್ಲಿ ಎಲ್ಲ ಮಕ್ಕಳಿಗೂ ಮುಖ ಇದೆ. ಎಡತುದಿಯ ಹುಡುಗಿಗೆ ಮಾತ್ರ ಮುಖದ ಜಾಗದಲ್ಲಿ ಬೂದಿಬಣ್ಣದ ಒಂದು ಮಸುಕು. ಅದು ಇವಳೇ; ಅಪ್ಪನಿಗೆ ಕೈ ಬೀಸಿದ್ದಳಂತೆ.

ತನ್ನ ಫೋಟೋದಲ್ಲಿ ನಿಂತ ಯಾರಿಗೂ ಹಾಗೆ ಆಗಬಾರದೆಂಬುದು ಅವಳ ವೃತ್ತಿಯ ಒಂದೇ ಛಲವಾಗಿತ್ತು. ಹಳೇ ರೀಲ್ ಕ್ಯಾಮೆರಾದಲ್ಲಿ ಇಪ್ಪತ್ತು ವರ್ಷ ಆ ಛಲ ನಡೆಯಿತು. ಅಪ್ಪ ಹೇಳಿಕೊಟ್ಟಿದ್ದು ಎರಡೇ ಮಾತು: ಫೋಕಸ್ ಉಂಗುರವನ್ನು ನಡುಸಾಲಿಗೆ ತಿರುಗಿಸು, ಬೆಳಕು ಬಿಡುವ ಕಂಡಿಯನ್ನು, ಅಂದರೆ ಅಪರ್ಚರನ್ನು, ಎಂಟಕ್ಕಿಡು. ಯಾಕೆ ಎಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಆಮೇಲೆ ಡಿಜಿಟಲ್ ಬಂತು. ಅಂಗಡಿಯವನು ಪೆಟ್ಟಿಗೆ ಬಿಚ್ಚುತ್ತಾ, "ಐವತ್ತೊಂದು ಪಾಯಿಂಟ್ ಮೇಡಂ, ಐವತ್ತೊಂದು ಕಡೆ ಕಣ್ಣಿಡುತ್ತೆ" ಅಂದ. ಗುಂಡಿಯನ್ನು ಅರ್ಧ ಒತ್ತಿದರೆ ಮುಖಗಳ ಮೇಲೆ ಕೆಂಪು ಚೌಕಗಳು ಫಕ್ಕನೆ ಹೊತ್ತಿಕೊಳ್ಳುತ್ತಿದ್ದವು. ಅದು ಹಾಜರಿ ಕೂಗುವುದು ಎಂದು ಚಿಕ್ಕಮ್ಮ ತಿಳಿದಳು. ಒಂದು ಚೌಕಕ್ಕೆ ಒಬ್ಬ ಮನುಷ್ಯ. ಮೊದಲ ವಾರದಲ್ಲೇ ಪುರಾವೆಯೂ ಸಿಕ್ಕಿತು: ಐವತ್ತೆರಡು ಮಕ್ಕಳ ತರಗತಿಯೊಂದರ ಫೋಟೋದಲ್ಲಿ, ಚೌಕಗಳ ಆಚೆ ನಿಂತಿದ್ದ ಒಬ್ಬ ಹುಡುಗ ಮಸುಕಾಗಿ ಬಂದ. ಅವನು ಸೀನಿದ್ದಕ್ಕೆ ಹಾಗಾಯಿತೆಂದು ಅವನ ಮೇಷ್ಟರು ಹೇಳಿದರೂ ಅವಳು ನಂಬಲಿಲ್ಲ. ಅಂದಿನಿಂದ ಐವತ್ತೊಂದಕ್ಕಿಂತ ದೊಡ್ಡ ಗುಂಪನ್ನು ಎರಡು ಫೋಟೋ ಮಾಡುವುದೇ ನಿಯಮ. ಐವತ್ತೊಂದೂ ಚೌಕ ಒಟ್ಟಿಗೆ ಕೆಲಸ ಮಾಡುವ 'ಆಟೋ' ಗುರುತಿನಿಂದ ಯಾರೂ ಸರಿಸದಿರಲೆಂದು ಕ್ಯಾಮೆರಾದ ಫೋಕಸ್ ಸ್ವಿಚ್ಚಿಗೆ ಅಂಟುಟೇಪು ಬೇರೆ.

ತೊಂದರೆ ಇನ್ನೊಂದಿತ್ತು. ಆ ಚೌಕಗಳೆಲ್ಲ ಚಿತ್ರದ ನಡುಭಾಗದಲ್ಲಿ ಒತ್ತಾಗಿರುತ್ತವೆ, ಅಂಚಿನವರೆಗೆ ಹರಡಿರುವುದಿಲ್ಲ. ಎಲ್ಲರೂ ಚೌಕಗಳೊಳಗೆ ಬರಬೇಕೆಂದರೆ ಅವಳು ಬಹಳ ಹಿಂದೆ ಹೋಗಿ ನಿಲ್ಲಬೇಕು. ಹೀಗಾಗಿ ಚಿಕ್ಕಮ್ಮ ಸಾಮಾನ್ಯವಾಗಿ ರಸ್ತೆಯ ಆಚೆಬದಿಯಲ್ಲಿ ನಿಂತು, ಬಸ್ಸುಗಳ ಸಂದಿನಲ್ಲಿ "ಅಲ್ಲಾಡ್ಬೇಡಿ!" ಎಂದು ಕೂಗುತ್ತಿದ್ದಳು. ಫೋಟೋದಲ್ಲಿ ಮುಕ್ಕಾಲು ಪಾಲು ಆಕಾಶ, ಗೋಡೆ, ಒಮ್ಮೊಮ್ಮೆ ಒಂದು ಸೈಕಲ್ಲು. ಅದನ್ನೆಲ್ಲ ಆಮೇಲೆ ಕತ್ತರಿಸುತ್ತಿದ್ದಳು. ಉಳಿದ ಗುಂಪು ರಟ್ಟಿನಲ್ಲಿದ್ದ ಆಕಾರದಲ್ಲೇ ಇರುತ್ತಿತ್ತು: ಮೂರು ಉದ್ದ ಸಾಲು, ನಡುವೆ ಬೆಂಚು ಹತ್ತಿದ ಮೂವರು, ನೆಲದಲ್ಲಿ ಕೂತ ಮೂವರು.

ನಾನು ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಯೋಗ ಮಾಡಿಸುವವಳು. ಆ ವಾರ ರಜೆಗೆ ಬಂದಿದ್ದೆ. ರಟ್ಟನ್ನು ಯಾವುದೋ ಆಟದ ಮಣೆ ಎಂದುಕೊಂಡಿದ್ದೆ.

ಗೆರೆ ತಿದ್ದುವುದು ಮುಗಿಯುವ ಮೊದಲೇ ಏಣಿ ಹತ್ತಿ ಬಂದವರು ಪಕ್ಕದ ಬೀದಿಯ ಗುಂಡಿ ಕಾರ್ಖಾನೆಯ ಮೇಲ್ವಿಚಾರಕಿ. ಚಿಕ್ಕಪ್ಪ ಶರ್ಟಿಗೆ ಹಾಕುವ ಗುಂಡಿಗಳೆಲ್ಲ ಅಲ್ಲಿಂದಲೇ ಬರುತ್ತಿದ್ದವು. ಕಪ್ಪು ಚೌಕಟ್ಟಿನ ಕನ್ನಡಕ, ಬಿಗಿದ ತುಟಿ. ಅವರು ನಕ್ಕದ್ದನ್ನು ನೋಡಿದವರಿಲ್ಲ ಎಂದು ಬೀದಿಯಲ್ಲಿ ಮಾತಿತ್ತು.

"ಶುಕ್ರವಾರಕ್ಕೆ ನನ್ನ ಕೆಲಸ ಮುಗಿಯುತ್ತೆ. ಮೂವತ್ತನಾಲ್ಕು ವರ್ಷ ಆಯ್ತು. ಎಲ್ಲರ ಜೊತೆ ಒಂದು ಫೋಟೋ ಬೇಕು," ಅಂದರು.

"ಆಗಲಿ ಮೇಡಂ. ಎಷ್ಟು ಜನ?"

"ಅರವತ್ತಮೂರು."

ಚಿಕ್ಕಮ್ಮ ಸ್ಟೂಲಿನಿಂದ ಇಳಿದಳು. "ಎರಡು ಫೋಟೋ ಮಾಡೋಣ. ಬೆಳಗಿನ ಪಾಳಿಯವರದ್ದು ಒಂದು, ಮಧ್ಯಾಹ್ನದವರದ್ದು ಒಂದು."

"ಎರಡು ಬೇಕಿದ್ರೆ ನಿಮ್ಮ ತನಕ ಯಾಕೆ ಬರ್ತಿದ್ದೆ? ಒಂದೇ ಮೆಷಿನ್ನಲ್ಲಿ ಹತ್ತು ವರ್ಷದಿಂದ ಕೆಲಸ ಮಾಡೋ ಇಬ್ಬರು ಇದ್ದಾರೆ. ಒಬ್ಬಳು ಬೆಳಿಗ್ಗೆ, ಒಬ್ಬಳು ಮಧ್ಯಾಹ್ನ. ಎಡಗಡೆ ಬೆಲ್ಟ್ ಸಡಿಲ, ನೋಡ್ಕೊ ಅಂತ ಸೀಮೆಸುಣ್ಣದಲ್ಲಿ ಬರೆದಿಟ್ಟು ಹೋಗ್ತಾರೆ. ಅಕ್ಷರ ಗೊತ್ತು, ಮುಖ ಸರಿಯಾಗಿ ಗೊತ್ತಿಲ್ಲ. ಪಾಳಿ ಬದಲಾಗೋವಾಗ ಮೆಷಿನ್ ನಿಲ್ಲೋದು ಹತ್ತು ನಿಮಿಷ. ಎರಡರಿಂದ ಎರಡೂ ಹತ್ತು. ಆಗ ಎಲ್ಲರೂ ಒಟ್ಟಿಗೆ ಸಿಕ್ತಾರೆ."

"ನನ್ನ ಕ್ಯಾಮೆರಾದಲ್ಲಿ ಐವತ್ತೊಂದು ಜನಕ್ಕೇ ಜಾಗ ಮೇಡಂ. ಹನ್ನೆರಡು ಜನ ಮಸುಕಾಗ್ತಾರೆ. ಸುಳ್ಳು ಹೇಳಿ ತೆಗೆಯೋಕೆ ನನ್ನಿಂದ ಆಗಲ್ಲ."

ಮೇಲ್ವಿಚಾರಕಿ ರಟ್ಟಿನ ಕಡೆ ಕೈ ತೋರಿಸಿದರು. "ಹನ್ನೆರಡು ಜನ ಯಾರು ಅಂತ ನಾನು ಆರಿಸೋದಾ? ಹಾಗಾದ್ರೆ ಫೋಟೋನೇ ಬೇಡ ಬಿಡಿ." ಬಾಗಿಲಲ್ಲಿ ತಿರುಗಿ ನಿಂತರು. "ಗುರುವಾರ ಸಂಜೆವರೆಗೆ ಟೈಮಿದೆ. ಆಗುತ್ತೆ ಅಂದ್ರೆ ಹೇಳಿಕಳಿಸಿ."

ಅವರು ಹೋದ ಮೇಲೆ ಚಿಕ್ಕಮ್ಮ ಕುರ್ಚಿಯಲ್ಲಿ ಕೂತಳು. ಅವಳ ಇಡೀ ವೃತ್ತಿಯಲ್ಲಿ ಒಬ್ಬರನ್ನು ಬರಿಗೈಲಿ ಕಳಿಸಿದ್ದು ಅದೇ ಮೊದಲು. ನಾನು ರಟ್ಟಿನ ಕಥೆ ಕೇಳಿ ತಿಳಿದುಕೊಂಡೆ.

"ಚಿಕ್ಕಮ್ಮ, ಕ್ಯಾಮೆರಾಗೆ ಜನ ಗೊತ್ತಾಗಲ್ಲ. ದೂರ ಅಷ್ಟೇ ಗೊತ್ತಾಗೋದು. ಆ ಚೌಕ ಹೊತ್ತಿಕೊಂಡ್ರೆ, ಇಲ್ಲಿರೋದು ನಾನು ಹಿಡಿದ ದೂರದಲ್ಲೇ ಇದೆ ಅಂತ ಅರ್ಥ."

"ಅಂದ್ರೆ ನಾಲ್ಕು ವರ್ಷದಿಂದ ನಾನು ಮಾಡಿದ್ದು ತಪ್ಪು ಅಂತೀಯ?"

"ಅನ್ನಲ್ಲ. ಪರೀಕ್ಷೆ ಮಾಡಿ ನೋಡು ಅಂತೀನಿ."

ಕೆಳಗಿಂದ ಚಿಕ್ಕಪ್ಪನ ದನಿ ಬಂತು: "ನಾನೂ ಬರ್ಲಾ? ಪರೀಕ್ಷೆಯಲ್ಲಿ ನಿಮ್ಮ ಚಿಕ್ಕಮ್ಮ ಫೇಲಾಗೋದನ್ನ ನೋಡಿ ಬಹಳ ದಿನ ಆಯ್ತು."

"ರೀ, ಸುಮ್ನೆ ಹೊಲೀರಿ!"

ಬುಧವಾರ ಮಧ್ಯಾಹ್ನ ಚಿಕ್ಕಪ್ಪನ ಕತ್ತರಿಸುವ ಮೇಜನ್ನು ಖಾಲಿ ಮಾಡಿಸಿದೆವು. ಅರವತ್ತಮೂರು ದಾರದುಂಡೆಗಳನ್ನು ನಾಲ್ಕು ಸಾಲಾಗಿ ನಿಲ್ಲಿಸಿದೆವು. ಪ್ರತಿ ಉಂಡೆಯ ಮೇಲೂ ಬಣ್ಣದ ಸಂಖ್ಯೆಯ ಚೀಟಿ ಇತ್ತು. ಸಂಖ್ಯೆ ಓದಲು ಬಂದರೆ ಪಾಸು, ಬಾರದಿದ್ದರೆ ಫೇಲು. ಸಾಲಿನಿಂದ ಸಾಲಿಗೆ ಒಂದು ಅಡಿ. ಮೊದಲ ಸಾಲು ಕ್ಯಾಮೆರಾದಿಂದ ನಾಲ್ಕು ಅಡಿ.

ಮೊದಲು ಅವಳ ಪದ್ಧತಿಯಂತೆ ಆಟೋದಲ್ಲಿ, ಅಪರ್ಚರನ್ನು ಅಗಲ ತೆರೆದು ತೆಗೆದಳು. ಮುಂದಿನ ಸಾಲಿನ ಹನ್ನೊಂದು ಉಂಡೆಗಳ ಮೇಲೆ ಚೌಕ ಹೊತ್ತಿತು. "ಹನ್ನೊಂದು ಹಾಜರ್, ಐವತ್ತೆರಡು ಗೈರು," ಎಂದು ಬರೆದುಕೊಂಡು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದಳು. ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿದಾಗ ಅವಳ ಪೆನ್ಸಿಲು ಕಿವಿಯಿಂದ ಕೆಳಗೆ ಬಂತು. ಚೌಕ ಹೊತ್ತದ ಉಂಡೆಗಳ ಸಂಖ್ಯೆಯೂ ಓದಲು ಬರುತ್ತಿತ್ತು, ಅವು ಮುಂದಿನ ಸಾಲಿನಲ್ಲಿದ್ದರೆ. ಹಿಂದಿನ ಸಾಲಿನಲ್ಲಿ ಒಂದೂ ಓದಲು ಬರಲಿಲ್ಲ.

"ಗೈರಾದವರೂ ಪಾಸಾಗಿದ್ದಾರಲ್ಲೇ!" ಅಂದಳು.

"ಹಾಜರಾದವರ ಪಕ್ಕದಲ್ಲೇ ಕೂತಿದ್ದಾರಲ್ಲ," ಅಂದ ಚಿಕ್ಕಪ್ಪ. "ಕಾಪಿ ಹೊಡೆದಿರ್ತಾರೆ."

ಇನ್ನು ಟೇಪು ಕೀಳುವ ಕೆಲಸ. ನಾಲ್ಕು ವರ್ಷದ ಅಂಟು ಬಿಡಲಿಲ್ಲ. ಚಿಕ್ಕಪ್ಪ ಕಲೆ ತೆಗೆಯುವ ಎಣ್ಣೆಯನ್ನು ಬಟ್ಟೆಗೆ ಹಾಕಿ ಒರೆಸಿದ. ಸ್ವಿಚ್ಚನ್ನು ಒಂಟಿ ಪಾಯಿಂಟಿಗೆ ಸರಿಸಿದೆವು. ಈಗ ಕಣ್ಣಿಟ್ಟರೆ ಕಾಣುವುದು ಒಂದೇ ಚೌಕ. ಹಿಂಬದಿಯ ಗುಂಡನೆಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಹೆಜ್ಜೆಹೆಜ್ಜೆಯಾಗಿ ನಡೆಯುತ್ತದೆ.

"ಒಂದೇ ಸಾಕಾದ್ರೆ ಐವತ್ತೊಂದು ಯಾಕೆ ಕೊಟ್ಟಿದ್ದಾರೆ?"

"ಎಲ್ಲಿ ಬೇಕೋ ಅಲ್ಲಿ ನೀನು ಆರಿಸ್ಕೊಳ್ಲಿ ಅಂತ."

"ಒಂದು ಶರ್ಟಿಗೆ ಐವತ್ತೊಂದು ಬಟ್ಟೆ ಥಾನು ಬಿಚ್ಚಿ ತೋರಿಸಿದ ಹಾಗೆ," ಎಂದು ಚಿಕ್ಕಪ್ಪ ಸೇರಿಸಿದ.

ಅವಳು ಚೌಕವನ್ನು ಎರಡನೇ ಸಾಲಿನ ನಡುವಿನ ನೀಲಿ ಉಂಡೆಯ ಮೇಲೆ ತಂದು ನಿಲ್ಲಿಸಿದಳು. ಅಪರ್ಚರನ್ನು ನಾನು ಹೇಳುವ ಮೊದಲೇ ಎಂಟಕ್ಕೆ ಇಟ್ಟಳು. ಅದು ರೀಲ್ ಕಾಲದಿಂದ ಕೈಗೆ ಅಂಟಿದ ಅಭ್ಯಾಸವೆಂದು ಕಾಣುತ್ತದೆ. ಕ್ಲಿಕ್. ಹಿಗ್ಗಿಸಿ, ಮುಂದಿನ ಸಾಲಿನ ಎಡತುದಿಯಿಂದ ಹಿಂದಿನ ಸಾಲಿನ ಬಲತುದಿಯವರೆಗೆ ಸಂಖ್ಯೆಗಳನ್ನು ಒಂದೊಂದಾಗಿ ಓದಿದಳು. ಅರವತ್ತಮೂರೂ ಓದಲು ಬಂದವು. ಅಪರ್ಚರ್ ಕಿರಿದಾದಷ್ಟೂ, ಹಿಡಿದ ದೂರದ ಹಿಂದೆ ಮುಂದೆ ಚೊಕ್ಕಟವಾಗಿ ಕಾಣುವ ಜಾಗ ಅಗಲವಾಗುತ್ತದೆ ಎಂದು ನಾನು ವಿವರಿಸತೊಡಗಿದೆ.

"ತಡಿಯೇ," ಅಂದಳು. "ಇದು ನಮ್ಮಪ್ಪ ಹೇಳಿದ್ದೇ ಅಲ್ವಾ! ನಡುಸಾಲು, ಎಂಟು. ಇಪ್ಪತ್ತು ವರ್ಷ ಇದನ್ನೇ ಮಾಡಿ, ಹೊಸ ಕ್ಯಾಮೆರಾ ಬಂದ ತಕ್ಷಣ ಮರೆತು ಕೂತೆನಲ್ಲ!" ಆಮೇಲೆ ಅವಳಿಗೆ ನಗು ಬಂತು. ನಗು ತಡೆಯಲಾರದೆ ಮೇಜಿಗೆ ಒರಗಿದಳು. ಹನ್ನೆರಡು ಉಂಡೆಗಳು ಉರುಳಿ ಹೊಲಿಗೆ ಮೆಷಿನ್ನಿನ ಕೆಳಗೆ ಸೇರಿದವು. ಚಿಕ್ಕಪ್ಪ ಮೊಣಕಾಲೂರಿ ಹುಡುಕುತ್ತಾ, "ಆ ಹನ್ನೆರಡು ಜನ ಇವ್ರೇ ನೋಡು," ಅಂದ. ಸಂಜೆ ನಾಲ್ಕಕ್ಕೆ ನಾನೇ ಕಾರ್ಖಾನೆಗೆ ಹೋಗಿ ಆಗುತ್ತದೆಂದು ಹೇಳಿ ಬಂದೆ.

ಶುಕ್ರವಾರ ಒಂದೂವರೆಗೆ ನಾವು ಕಾರ್ಖಾನೆಯ ಅಂಗಳದಲ್ಲಿದ್ದೆವು. ಗೇಟಿನಿಂದ ಗೋಡೆಗೆ ಮೂವತ್ತನಾಲ್ಕು ಅಡಿ; ಹಳೇ ಪದ್ಧತಿಯಲ್ಲಿ ಇಷ್ಟು ಜಾಗ ಏನೂ ಸಾಲುತ್ತಿರಲಿಲ್ಲ. ಈಗ ಚಿಕ್ಕಮ್ಮ ಎರಡನೇ ಸಾಲಿನ ಕುರ್ಚಿಗಳಿಂದ ಇಪ್ಪತ್ತೇಳು ಅಡಿಗೆ ಅಳತೆ ಟೇಪು ಹಿಡಿದು ಕ್ಯಾಮೆರಾದ ಸ್ಟ್ಯಾಂಡ್ ಊರಿದಳು. ನೆಲದ ಮೇಲೆ ಹದಿನೈದು ಜನ, ಕುರ್ಚಿಯಲ್ಲಿ ಹದಿನಾರು, ನಿಂತವರು ಹದಿನಾರು, ಬೆಂಚಿನ ಮೇಲೆ ಹದಿನಾರು.

ಎರಡು ಗಂಟೆಗೆ ಮೆಷಿನ್ನುಗಳು ನಿಂತವು. ಆ ನಿಶ್ಶಬ್ದದಲ್ಲಿ ಎರಡು ಬಾಗಿಲಿಂದ ಎರಡು ಪಾಳಿ ಬಂತು. ಅವರನ್ನು ನಿಲ್ಲಿಸುವುದರೊಳಗೆ ಎರಡೂ ಐದು. ಸೀಮೆಸುಣ್ಣದ ಇಬ್ಬರೂ ಅಕ್ಕಪಕ್ಕ ನಿಂತು, "ಸ ಅಕ್ಷರ ಹಾಗೆ ಬರೆಯೋದು ನೀನೇನಾ? ನಾನು ಅದನ್ನ ನ ಅಂತ ಓದ್ತಿದ್ದೆ" ಎಂದು ಜಗಳ ತೆಗೆದಿದ್ದರು.

ಚಿಕ್ಕಮ್ಮ ಚೌಕವನ್ನು ನಡುವೆ ಕೂತ ಮೇಲ್ವಿಚಾರಕಿಯ ಮೇಲೆ ತಂದು ಗುಂಡಿ ಅರ್ಧ ಒತ್ತಿದಳು. ಲೆನ್ಸು ಗುರ್ರೆಂದು ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಹಿಡಿಯಲಿಲ್ಲ.

"ಏನಾಯ್ತೇ?" ಅಂದಳು, ಕಣ್ಣು ತೆಗೆಯದೆ. ಎರಡೂ ಏಳಾಗಿತ್ತು. ಹಿಂದೆ ಬೆಂಚು ಕಿರುಗುಟ್ಟಿತು. ಯಾರೋ, "ಅಲ್ಲಾಡ್ಬೇಡಿ ಮೇಡಂ ಅವರೇ ಅಲ್ಲಾಡ್ತಿದ್ದಾರೆ" ಅಂದರು.

"ಚೌಕ ಎಲ್ಲಿದೆ?" ಎಂದು ಕೇಳಿದೆ.

"ಎದೆ ಮೇಲೆ. ಬಿಳೀ ಕೋಟು."

ಬೋಳು ಬಿಳುಪಿನಲ್ಲಿ ಕ್ಯಾಮೆರಾಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಅದಕ್ಕೆ ಗೆರೆ ಬೇಕು, ಅಂಚು ಬೇಕು. ಅದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಹೆಬ್ಬೆರಳು ಒಮ್ಮೆ ಮೇಲಕ್ಕೆ ಒತ್ತಿತ್ತು. ಚೌಕ ಕೋಟಿನಿಂದ ಕನ್ನಡಕದ ಕಪ್ಪು ಚೌಕಟ್ಟಿಗೆ ಏರಿತು. ಕ್ಯಾಮೆರಾ ಪೀಂ ಎಂದಿತು.

"ಅಲ್ಲಾಡ್ಬೇಡಿ!"

ಮೂರು ಸಲ ಒತ್ತಿದಳು. ಎರಡೂ ಒಂಬತ್ತು. ಮರುನಿಮಿಷಕ್ಕೆ ಮೆಷಿನ್ನುಗಳು ಶುರುವಾದವು.

ನಾಲ್ಕಕ್ಕೆ ಮೇಲ್ವಿಚಾರಕಿ ಏಣಿ ಹತ್ತಿ ಬಂದರು. ಬಿಳೀ ಕೋಟನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡಿದ್ದರು. ಮೊದಲ ಎರಡು ಚಿತ್ರಗಳಲ್ಲಿ ಒಬ್ಬಿಬ್ಬರು ಪೂರಾ ಕಣ್ಣು ಮುಚ್ಚಿದ್ದರು. ಮೂರನೆಯದನ್ನು ಚಿಕ್ಕಮ್ಮ ಪರದೆಯ ತುಂಬ ಹಿಗ್ಗಿಸಿ, ಎಡತುದಿಯಿಂದ ಶುರುಮಾಡಿದಳು. ಮುಖಗಳನ್ನು ಅಲ್ಲ, ಕಣ್ಣುಗಳನ್ನು ಎಣಿಸಿದಳು. ರೆಪ್ಪೆಗೂದಲು ಬಿಡಿಬಿಡಿಯಾಗಿ ಕಂಡರಷ್ಟೇ ಲೆಕ್ಕ. ಬೆಂಚಿನ ಕೊನೆಯವಳದ್ದೂ ಕಂಡಿತು, ನೆಲದ ಮೇಲೆ ಕೂತ ಮೊದಲನೆಯವನದ್ದೂ ಕಂಡಿತು. ಮೇಲ್ವಿಚಾರಕಿ ಪ್ರತಿ ಮುಖ ಬಂದಾಗಲೂ ತುಟಿಯಲ್ಲೇ ಹೆಸರು ಹೇಳುತ್ತಿದ್ದರು.

ಪರದೆ ಅವರದೇ ಮುಖಕ್ಕೆ ಬಂದು ನಿಂತಿತು. ಕನ್ನಡಕದ ಚೌಕಟ್ಟು ಕೊರೆದಿಟ್ಟ ಹಾಗಿತ್ತು. ಅದರ ಹಿಂದೆ ಬಲಗಣ್ಣು ತೆರೆದಿತ್ತು, ಎಡಗಣ್ಣು ಮುಚ್ಚಿತ್ತು.

ಚಿಕ್ಕಮ್ಮನ ಮುಖ ಇಳಿದುಹೋಯಿತು. "ಅಯ್ಯೋ ಮೇಡಂ, ನಿಮ್ಮದೇ ಹೀಗಾಯ್ತಲ್ಲ. ರೆಪ್ಪೆ ಬಡಿದುಬಿಟ್ರಿ."

"ಬಡಿಯಲಿಲ್ಲ," ಅಂದರು ಮೇಲ್ವಿಚಾರಕಿ. "ಹೊಡೆದೆ."

"ಏನು ಹೊಡೆದ್ರಿ?"

"ಕಣ್ಣು. ಮೂವತ್ತನಾಲ್ಕು ವರ್ಷ ಎಲ್ಲರನ್ನೂ ಗದರಿಸಿದ್ದೀನಿ. ಕೊನೇ ದಿನವಾದ್ರೂ ಬೇಡವಾ?" ಬಿಗಿದ ತುಟಿ ಸಡಿಲವಾಯಿತು. "ಇದೇ ಇರಲಿ. ಅರವತ್ತಮೂರು ಪ್ರತಿ ಹಾಕಿಕೊಡಿ."

ಕೆಳಗೆ ಹೊಲಿಗೆ ಮೆಷಿನ್ನು ನಿಂತಿತು. ಏಣಿಯ ಸಂದಿನಿಂದ ಚಿಕ್ಕಪ್ಪ ಕೂಗಿದ: "ಏನೇ, ಎಷ್ಟು ಕಣ್ಣು ಪಾಸಾಯ್ತು?"

ಚಿಕ್ಕಮ್ಮ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ನಾಲ್ಕು ಬೀದಿಗೂ ಕೇಳುವ ಹಾಗೆ ಕೂಗಿ ಹೇಳಿದಳು:

"ನೂರ ಇಪ್ಪತ್ತೈದು!"