ಎತ್ತಿ ಕುಡಿದ ವೈನು

ದೇಶವಿದೇಶದ ಕೆಂಪು, ಬಿಳಿ ವೈನುಗಳನ್ನು ನಾನು ಕುಡಿದಿದ್ದೇನೆ. ದೊಡ್ಡ ಮನುಷ್ಯನಂತೆ ಅವಕ್ಕೆ ಅಂಕಗಳನ್ನೂ ಕೊಟ್ಟಿದ್ದೇನೆ. ರುಚಿ ಮಾತ್ರ ಒಂದರದ್ದೂ ಗೊತ್ತಿಲ್ಲ. ಇದಕ್ಕೆ ನನ್ನ ನಾಲಿಗೆಯನ್ನು ದೂರಬೇಡಿ. ಪಾಪ, ಅದಕ್ಕೆ ಸುಳಿವು ಕೊಡದೆಯೇ ಎಲ್ಲವೂ ನೇರ ಗಂಟಲಿಗೆ ಇಳಿದುಹೋದವು.

ನಾವು ವಿಜಯಪುರದ ಕಡೆಯವರು. ಪುಣೆ ಕ್ಯಾಂಪಿನಲ್ಲಿ ನನ್ನದೊಂದು ಸ್ಟೀಲ್ ಪಾತ್ರೆಗಳ ಅಂಗಡಿ, ಮನೆ ಹಡಪಸರದಲ್ಲಿ. ನಮ್ಮ ಮನೆಯಲ್ಲಿ ನೀರಿರಲಿ, ಮಜ್ಜಿಗೆಯಿರಲಿ, ಲೋಟವನ್ನು ತುಟಿಗೆ ಮುಟ್ಟಿಸುವ ಹಾಗಿಲ್ಲ. ತಲೆ ಹಿಂದಕ್ಕೆ ಬಾಗಿಸಿ, ಲೋಟ ಮೇಲಕ್ಕೆತ್ತಿ, ಬಾಯೊಳಗೆ ಧಾರೆ ಬಿಡಬೇಕು. ಮುಟ್ಟಿಸಿದರೆ ಎಂಜಲು. ಚಹಾಕ್ಕೊಂದು ವಿನಾಯಿತಿ ಇದೆ, ಗಂಟಲು ಸುಟ್ಟುಕೊಳ್ಳುವಷ್ಟು ಮಡಿ ನಮ್ಮಲ್ಲೂ ಇಲ್ಲ. ಚಿಕ್ಕಂದಿನಲ್ಲಿ ಮರೆತು ತುಟಿಗೆ ಮುಟ್ಟಿಸಿದಾಗಲೆಲ್ಲ ಅವ್ವ ನೆತ್ತಿಯ ಮೇಲೆ ಮೊಟಕುತ್ತಿದ್ದಳು. ಈಗ ಲೋಟ ಹಿಡಿದರೆ ಕೈ ನನ್ನನ್ನು ಕೇಳದೆಯೇ ಮೇಲೇಳುತ್ತದೆ.

ಹೀಗಿರುವಾಗ ನನ್ನ ಮಗಳು ಪಲ್ಲವಿ ತನ್ನ ಆಫೀಸಿನ ಮರಾಠಿ ಹುಡುಗನೊಬ್ಬನನ್ನು ಮೆಚ್ಚಿದಳು. ಹುಡುಗನ ತಂದೆ ದೇಶಮುಖರಿಗೆ ವೈನಿನ ಹುಚ್ಚು. ಸಂಬಂಧದ ಮಾತೆಂದರೆ ನಮ್ಮಲ್ಲಿ ಅವಲಕ್ಕಿ, ಚಹಾ ಕೊಟ್ಟು ಶುರುಮಾಡುತ್ತಾರೆ. ಅವರು ನಮ್ಮನ್ನು ಭಾನುವಾರ ಸಂಜೆ ವೈನ್ ಟೇಸ್ಟಿಂಗಿಗೆ ಕರೆದರು.

"ಅಪ್ಪಾ, ಅವರು ಹ್ಯಾಂಗ ಮಾಡ್ತಾರ ನೋಡಿ ಹಂಗ ಮಾಡ್ರಿ. ಅವರಪ್ಪ ಇನ್ನೂ ಹೂಂ ಅಂದಿಲ್ಲ," ಎಂದಳು ಪಲ್ಲವಿ.

ನನಗೆ ಮದ್ಯದ ಹೆದರಿಕೆ ಇರಲಿಲ್ಲ. ನಮ್ಮಜ್ಜಿ ದಿನಾ ಊಟವಾದ ಮೇಲೆ ವೈದ್ಯರು ಹೇಳಿದ್ದಕ್ಕಿಂತ ಒಂದು ಮುಚ್ಚಳ ಹೆಚ್ಚೇ ದ್ರಾಕ್ಷಾರಿಷ್ಟ ಕುಡಿದು, ನಗುನಗುತ್ತ ಹರಿನಾಮ ಹೇಳಿ ಮಲಗುತ್ತಿದ್ದಳು. ಹುಳಿತ ದ್ರಾಕ್ಷಿಯನ್ನು ಮುಚ್ಚಳದಲ್ಲಿ ಕುಡಿದರೆ ಔಷಧ, ಗಾಜಿನ ಬಟ್ಟಲಲ್ಲಿ ಕುಡಿದರೆ ಚಟ. ನನ್ನ ಹೆದರಿಕೆಯೆಲ್ಲ ಮಗಳ ಮದುವೆ ನನ್ನಿಂದ ಕೆಟ್ಟೀತೆಂಬುದೇ.

ದೇಶಮುಖರ ಮನೆಯ ಮೇಜಿನ ಮೇಲೆ ಬಾಟಲಿಗಳು ಪೇಪರು ಸುತ್ತಿಕೊಂಡು ನಿಂತಿದ್ದವು. ನಾಸಿಕದ್ದೋ, ನಂದಿಬೆಟ್ಟದ್ದೋ, ಫ್ರಾನ್ಸಿನದ್ದೋ ತಿಳಿಯಬಾರದಂತೆ. ಮೂಲೆಯ ಕುರ್ಚಿಯಲ್ಲಿ ಅವರ ವೃದ್ಧ ತಾಯಿ ಬಟಾಣಿ ಸುಲಿಯುತ್ತಿದ್ದರು. ದೇಶಮುಖರು ಪಾಠ ಮಾಡಿದರು: ಬಟ್ಟಲನ್ನು ತಿರುಗಿಸಬೇಕು, ಮೂಗು ಒಳಗಿಟ್ಟು ಮೂಸಬೇಕು, ಒಂದು ಗುಟುಕು ಮುಕ್ಕಳಿಸಿ ಬಕೆಟ್ಟಿಗೆ ಉಗುಳಬೇಕು, ಆಮೇಲೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಮೊದಲನೆಯದನ್ನು ತಾವೇ ಮೂಸಿ, ಒದ್ದೆ ಮಣ್ಣು, ಹಳೆಯ ಚರ್ಮ ಎಂದು ಹಿಗ್ಗಿದರು. ನಮ್ಮ ಮನೆಯ ನೀರಿಗೆ ಈ ವಾಸನೆ ಬಂದರೆ ಟಾಕಿ ತೊಳೆಸುತ್ತೇವೆ. ನನ್ನ ಹೆಂಡತಿ, "ನಂದು ಇವತ್ತ ಉಪವಾಸ ಅದರಿ," ಎಂದು ಇಲ್ಲದ ವ್ರತವೊಂದನ್ನು ಅಲ್ಲೇ ಹುಟ್ಟಿಸಿ, ಬಟಾಟೆ ಚಿಪ್ಸ್ ಮೆಲ್ಲುತ್ತ ಪಾರಾದಳು.

ನನ್ನ ಸರದಿ ಬಂತು. ಬಟ್ಟಲನ್ನು ಪಾತ್ರೆ ವ್ಯಾಪಾರಿಯ ಕಣ್ಣಿನಿಂದ ನೋಡಿದೆ. ಅಂಚು ಒಳಕ್ಕೆ ಬಾಗಿದೆ. ಇದರಿಂದ ಧಾರೆ ಹೇಗೆ ಬೀಳಬೇಕು? ಇವತ್ತೊಂದು ದಿನ ತುಟಿಗೆ ಮುಟ್ಟಿಸು ಮಾರಾಯ ಎಂದು ಬುದ್ಧಿ ಹೇಳಿತು. ಅಷ್ಟರಲ್ಲಿ ಕೈ ಮೇಲೆ ಹೋಗಿಯಾಗಿತ್ತು. ಬಿಳಿ ವೈನು ಅರ್ಧ ಗಂಟಲಿಗೆ, ಅರ್ಧ ಕೊರಳಿಗೆ ಇಳಿಯಿತು. ಉಗುಳಲು ಬಾಯಲ್ಲಿ ಏನೂ ಉಳಿದಿರಲಿಲ್ಲ. ದೇಶಮುಖರು ಕಣ್ಣು ಮುಚ್ಚಿ ಮೂಸುತ್ತಿದ್ದರಿಂದ ನೋಡಲಿಲ್ಲ. "ಎಂಟು," ಎಂದೆ. ಇನ್ನೊಂದು ಬಿಳಿ ಬಂತು, ಅದಕ್ಕೂ ಎಂಟು. ಗಿರಾಕಿಯ ಮನಸ್ಸು ನೋಯಿಸಿ ನನಗೆ ರೂಢಿಯಿಲ್ಲ.

ಆಮೇಲೆ ಕೆಂಪು ಬಂತು. ಎತ್ತಿದೆ, ಬಿಟ್ಟೆ. ಅದು ಗದ್ದದಿಂದ ಹರಿದು ಬಿಳಿ ಅಂಗಿಯ ಮೇಲೆ ಹೊಟ್ಟೆಯವರೆಗೂ ಇಳಿಯಿತು. ಈ ಸಲ ಎಲ್ಲರೂ ನೋಡಿದರು. ಪಲ್ಲವಿ ತಲೆ ತಗ್ಗಿಸಿದಳು. ಅವಳ ಮುಖ ನೋಡಿ ನನಗೆ ಅಳುವೇ ಬಂತು.

ಆಗ ಮೂಲೆಯಿಂದ ಹುಡುಗನ ಅಜ್ಜಿಯ ದನಿ ಕೇಳಿತು. "ಹಾ ಮಾಣೂಸ್ ಬರೋಬರ್ ಪಿತೋ!" ಈ ಮನುಷ್ಯ ಸರಿಯಾಗಿ ಕುಡಿಯುತ್ತಾನೆ ಎಂದು ಮರಾಠಿಯಲ್ಲಿ ಸಾರಿ, ಅವರು ಮಗನನ್ನು ತರಾಟೆಗೆ ತೆಗೆದುಕೊಂಡರು. ಬಂದವರೆದುರು ಎಲ್ಲದರಲ್ಲೂ ಮೂಗು ತೂರಿಸಿ ಉಗುಳುತ್ತ ಕೂತಿದ್ದೀಯಲ್ಲ, ಎಂಜಲು ಮುಸುರೆ ಎಂಬುದಿಲ್ಲವೇ ಎಂದರು. ಅಂಚು ಹೊರಕ್ಕೆ ಬಾಗಿದ ತಮ್ಮ ಸ್ಟೀಲ್ ಲೋಟ ತರಿಸಿ, ಅದಕ್ಕೆ ಕೆಂಪು ವೈನು ಹಾಕಿಸಿ, ಎತ್ತಿ ಧಾರೆ ಬಿಟ್ಟರು. ಒಂದು ಹನಿ ಆಚೀಚೆ ಆಗಲಿಲ್ಲ. ಕೋಕಂ ಸಾರಿಗೆ ಬೆಲ್ಲ ಹಾಕುವುದನ್ನು ಮರೆತಿದ್ದಾರೆ, ನಾಲ್ಕು ಸಾಕು ಎಂದು ಫ್ರಾನ್ಸಿನವರನ್ನೋ ನಾಸಿಕದವರನ್ನೋ ಒಂದೇ ಮಾತಿನಲ್ಲಿ ಮುಗಿಸಿದರು.

ಆಮೇಲೆ ಅದೇ ಲೋಟ ತೊಳೆಸಿ, ನೀರು ತುಂಬಿಸಿ ಪಲ್ಲವಿಯ ಮುಂದೆ ಹಿಡಿದರು. ಈ ಹುಡುಗಿ ಆಫೀಸಿಗೆ ಹೋಗಲು ಶುರುಮಾಡಿದ ಮೇಲೆ ಬಾಟಲಿಗೆ ಬಾಯಿ ಹಚ್ಚಿಯೇ ಕುಡಿಯುವವಳು. ಪಲ್ಲವಿ ಲೋಟ ತೆಗೆದುಕೊಂಡು ತಲೆ ಬಾಗಿಸಿ ಎತ್ತಿದಳು. ಸಣ್ಣ ಧಾರೆ ಎಲ್ಲೂ ತುಂಡಾಗದೆ, ತುಟಿ ಒದ್ದೆಯಾಗದೆ ಇಳಿಯಿತು.

"ದಹಾ!" ಎಂದರು ಅಜ್ಜಿ. ಹತ್ತಕ್ಕೆ ಹತ್ತು. ದೇಶಮುಖರು ಬಕೆಟ್ಟನ್ನು ಮೇಜಿನ ಕೆಳಗೆ ತಳ್ಳಿ, ತಾಯಿ ಕೊಟ್ಟ ಅಂಕದ ಮೇಲೆ ತಮ್ಮದೇನೂ ಮಾತಿಲ್ಲ, ಮದುವೆಗೆ ದಿನ ನೋಡೋಣ ಎಂದು ನಕ್ಕರು.

ಒದ್ದೆ ಅಂಗಿಯಲ್ಲಿ ಕುಳಿತಲ್ಲೇ ನಾನು ನೆತ್ತಿಯನ್ನೊಮ್ಮೆ ಸವರಿಕೊಂಡೆ. ಅವ್ವ ಮೊಟಕಿದ್ದು ನನ್ನ ತಲೆಗೆ, ಅಂಕ ಸಿಕ್ಕಿದ್ದು ಅವಳ ಮೊಮ್ಮಗಳಿಗೆ.